ಉಪಕರಣದ ಒಕ್ಕಣೆ

ಒಂದು ಹಾಳೆಯ ಮೇಲೆ 2.20 ಎಂದು ಬರೆದಿದೆಯೆಂದು ಇಟ್ಟುಕೊಳ್ಳೋಣ. ಇದರ ಬೆಲೆಯೆಷ್ಟು? ಪ್ರೌಢಶಾಲೆಯ ವಿದ್ಯಾರ್ಥಿಯನ್ನು ಕೇಳಿದರೆ ಎರಡು ದಶಾಂಶ ಎರಡು, ಕಡೆಯ ಸೊನ್ನೆಗೆ ಬೆಲೆಯಿಲ್ಲ ಎಂದು ಥಟ್ಟನೆ ಹೇಳುವನು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನಲ್ಲಿ ಹೊಲವುಳ್ಳ ರೈತನನ್ನು ಕೇಳಿದರೆ, ಅದು ಅವನ ಉತಾರದಲ್ಲಿ ಬರೆದ ಅಂಕಿಯಾಗಿದ್ದ ಪಕ್ಷದಲ್ಲಿ, ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಅಷ್ಟೇ ಥಟ್ಟನೆ ಹೇಳುವನು. ಉತಾರವೆಂದರೆ ಹಳೆಯ ಮೈಸೂರಿನ ಕಡೆಯವರು ಪಹಣಿ ಎಂದು ಕರೆಯುವ ಭೂದಾಖಲೆ. ನಲವತ್ತು ಗುಂಟೆಗೆ ಒಂದು ಎಕರೆಯಾದುದರಿಂದ ಇಪ್ಪತ್ತು ಗುಂಟೆಯೆಂದರೆ ಅರ್ಧ ಎಕರೆ. ಆದಕಾರಣ ಆ ಹೊಲದ ವಿಸ್ತೀರ್ಣ ಎರಡೂವರೆ ಎಕರೆ. ಇಬ್ಬರ ಉತ್ತರವೂ ಸರಿಯೇ. ವಿದ್ಯಾರ್ಥಿಯ ಚುಕ್ಕೆ ದಶಾಂಶದ ಚುಕ್ಕೆ. ರೈತನ ಚುಕ್ಕೆ ಎರಡು ಅಳತೆಗಳ ನಡುವೆ ಹಾಕಿದ ಬದು. ಆದರೆ ಒಬ್ಬನ ಚುಕ್ಕೆಯನ್ನು ಇನ್ನೊಬ್ಬನ ಚುಕ್ಕೆಯೆಂದು ತಿಳಿದರೆ ಹನ್ನೆರಡು ಗುಂಟೆ ನೆಲ ಕಾಗದದ ಮೇಲೆಯೇ ಮಾಯವಾಗುವುದು.

ಮನುಷ್ಯರು ಸಾಮಾನ್ಯವಾಗಿ ಹೀಗೆ ಎಡವುವುದಿಲ್ಲ. ಉತಾರವನ್ನು ಓದಲರಿಯದವನು ತಲಾಠಿಯನ್ನು ಕೇಳುವನು, ಇಲ್ಲವೆ ಪಕ್ಕದ ಹೊಲದವನನ್ನು ಕೇಳುವನು. ಅದೂ ಬೇಡವೆಂದರೆ ಹೊಲದ ಬದುವಿನ ಮೇಲೆ ಒಮ್ಮೆ ಸುತ್ತಿ ಬಂದರೂ ತನ್ನ ನೆಲವೆಷ್ಟೆಂಬುದು ಅವನಿಗೆ ತಿಳಿಯುವುದು. ಈಚಿನ ವರ್ಷಗಳಲ್ಲಿ ಇಂಥ ಅಂಕಿಗಳನ್ನು ಓದಿ ಲೆಕ್ಕ ಹಾಕುವ ಕೆಲಸಕ್ಕೆ ಬೇರೊಬ್ಬ ಆಳು ಸಿದ್ಧನಾಗಿದ್ದಾನೆ. ಅವನಿಗೆ ತಲಾಠಿಯ ಪರಿಚಯವಿಲ್ಲ, ನೆರೆಯವರಿಲ್ಲ, ಬದು ಸುತ್ತಲು ಕಾಲಿಲ್ಲ. ನಾವು ಬರೆದುಕೊಟ್ಟ ನಾಲ್ಕು ಸಾಲುಗಳೇ ಅವನಿಗೆ ಸರ್ವಸ್ವ. ಆ ಆಳನ್ನು ಎಐ ಏಜೆಂಟು ಎಂದು ಕರೆಯುವರು. ಅವನಿಗೆ ಬರೆದುಕೊಡುವ ಆ ನಾಲ್ಕು ಸಾಲುಗಳ ಬಗ್ಗೆ ನಮ್ಮ ಅಭಿಪ್ರಾಯವನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಮೊದಲು ಈ ಏಜೆಂಟಿನ ಕೆಲಸದ ಕ್ರಮವನ್ನು ತಿಳಿಯೋಣ. ಅಪಾರವಾದ ಬರಹವನ್ನು ಓದಿಸಿ ತರಬೇತು ಮಾಡಿದ ಭಾಷಾಮಾದರಿಯೊಂದು ಇದರ ಮಿದುಳು. ಇದಕ್ಕೆ ಮಾತು ಚೆನ್ನಾಗಿ ಬರುವುದು. ಆದರೆ ಈ ಹೊತ್ತಿನ ಪೇಟೆಯ ಧಾರಣೆಯಾಗಲಿ, ನಿಮ್ಮ ಹೊಲದ ಸರ್ವೆ ನಂಬರಾಗಲಿ ಇದರ ಒಳಗೆ ಇರಲಾರದು. ಅವನ್ನು ಹೊರಗಿನಿಂದ ತಂದುಕೊಡುವ ಚಿಕ್ಕ ಚಿಕ್ಕ ಕ್ರಮವಿಧಿಗಳನ್ನು ಇದರ ಕೈಗೆ ಕೊಡುವರು. ಇವುಗಳಿಗೆ ಟೂಲ್ ಎಂದು ಹೆಸರು, ನಾವು ಉಪಕರಣವೆನ್ನೋಣ. ಪ್ರತಿಯೊಂದು ಉಪಕರಣಕ್ಕೂ ಒಂದು ಹೆಸರು, ಅದು ಏನು ಮಾಡುವುದೆಂಬ ವಿವರಣೆ, ಅದಕ್ಕೆ ಯಾವ ಯಾವ ಮಾಹಿತಿಯನ್ನು ಒದಗಿಸಬೇಕೆಂಬ ಪಟ್ಟಿ, ಇಷ್ಟನ್ನು ಬರೆದು ಮಾದರಿಯ ಮುಂದಿಡುವರು. ಮಾದರಿಯು ಬಳಕೆದಾರನ ಪ್ರಶ್ನೆಯನ್ನೂ ಈ ಬರಹವನ್ನೂ ಒಟ್ಟಿಗೆ ಓದಿ, ‘ಇಂಥ ಉಪಕರಣವನ್ನು ಇಂಥ ಮಾಹಿತಿಯೊಡನೆ ನಡೆಸಿರಿ’ ಎಂದು ಗೊತ್ತಾದ ರೂಪದಲ್ಲಿ ಒಂದು ಕೋರಿಕೆಯನ್ನು ಬರೆಯುವುದು. ಅದನ್ನು ನಡೆಸುವುದು ಮಾದರಿಯಲ್ಲ, ಸುತ್ತಲಿರುವ ಸಾಮಾನ್ಯ ಗಣಕವಿಧಿ. ಬಂದ ಫಲವನ್ನು ಮತ್ತೆ ಅಕ್ಷರರೂಪದಲ್ಲಿ ಮಾದರಿಗೆ ಓದಿಸುವರು. ಅದನ್ನು ನೋಡಿಕೊಂಡು ಅದು ಮುಂದಿನ ಹೆಜ್ಜೆಯನ್ನು ನಿರ್ಧರಿಸುವುದು.

ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ಉಪಕರಣದ ಒಳಗಿನ ಯಂತ್ರವನ್ನು ಮಾದರಿಯು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅದಕ್ಕೆ ಕಾಣುವುದು ಮೇಲೆ ಅಂಟಿಸಿದ ಒಕ್ಕಣೆ ಮಾತ್ರ. ಬಾಯಿ ಕಟ್ಟಿದ ಡಬ್ಬಿಗಳ ಸಾಲಿನ ಮುಂದೆ ನಿಂತ ಹೊಸ ಅಡಿಗೆಯವನಂತೆ ಅದು ಚೀಟಿಯನ್ನು ನಂಬಿ ಕೈಹಾಕಬೇಕು. ಉಪಕರಣಗಳನ್ನು ಬಳಸಲು ಮಾದರಿಗೆ ಕಲಿಸಬಹುದೆಂಬುದನ್ನು ತೋರಿಸಿದ ಟೂಲ್‌ಫಾರ್ಮರ್ ಎಂಬ ಪ್ರಬಂಧ 2023ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದೇ ವರ್ಷದ ಜೂನಿನಲ್ಲಿ ಓಪನ್‌ಎಐ ಸಂಸ್ಥೆಯು ಈ ಸೌಕರ್ಯವನ್ನು ತನ್ನ ಮಾದರಿಗಳಲ್ಲಿ ಎಲ್ಲರಿಗೂ ಒದಗಿಸಿತು. 2024ರ ನವೆಂಬರಿನಲ್ಲಿ ಆಂತ್ರೋಪಿಕ್ ಸಂಸ್ಥೆಯು ಉಪಕರಣಗಳನ್ನು ಯಾವ ಮಾದರಿಗಾದರೂ ಜೋಡಿಸಲು ಅನುಕೂಲವಾಗುವಂತೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಸಮಾನ ನಿಯಮಾವಳಿಯನ್ನು ಹೊರಡಿಸಿತು. ಅಂದಿನಿಂದ ಒಬ್ಬನು ಬರೆದ ಉಪಕರಣವನ್ನು ಅವನು ಕಂಡು ಕೇಳದ ಸಾವಿರ ಏಜೆಂಟುಗಳು ಎತ್ತಿಕೊಳ್ಳುವ ಕಾಲ ಬಂದಿದೆ. ಒಕ್ಕಣೆಯ ಹೊಣೆ ಆ ಪ್ರಮಾಣದಲ್ಲಿಯೇ ಬೆಳೆದಿದೆಯೆಂಬುದನ್ನು ಎಷ್ಟು ಜನ ಗಮನಿಸಿದ್ದಾರೆಯೋ ಅರಿಯೆವು.

ಈಗ ಕಬ್ಬೂರಿಗೆ ಮರಳೋಣ. ಕಬ್ಬು ಬೆಳೆದ ರೈತನೊಬ್ಬನು ತನ್ನ ಕೈಯ ಫೋನಿನಲ್ಲಿ, ‘ನಮ್ಮ ಹೊಲಕ್ಕೆ ಎಷ್ಟು ಚೀಲ ಯೂರಿಯಾ ಬೇಕು?’ ಎಂದು ಕೇಳಿದನೆಂದು ಊಹಿಸೋಣ. ಏಜೆಂಟಿನ ಬಳಿ ಮೂರು ಉಪಕರಣಗಳಿವೆ. ಒಂದು ಉತಾರದಿಂದ ವಿಸ್ತೀರ್ಣವನ್ನು ತರುವುದು. ಎರಡನೆಯದು ಬೆಳೆಗೆ ತಕ್ಕ ಗೊಬ್ಬರದ ಪ್ರಮಾಣವನ್ನು ಹೇಳುವುದು. ಮೂರನೆಯದು ಕಿಲೋಗ್ರಾಮುಗಳನ್ನು ಚೀಲಗಳ ಲೆಕ್ಕಕ್ಕೆ ತಿರುಗಿಸುವುದು. ಎಕರೆಗೆ 180 ಕಿಲೋ ಯೂರಿಯಾ ಎಂದು ಎರಡನೆಯ ಉಪಕರಣ ಹೇಳಿತೆನ್ನೋಣ. ಈ ಅಂಕಿಯನ್ನು ಲೆಕ್ಕದ ಅನುಕೂಲಕ್ಕಾಗಿ ಹಿಡಿದಿದ್ದೇವೆ, ಯಾರೂ ಇದನ್ನು ಹೊಲಕ್ಕೆ ಒಯ್ಯಬಾರದು. ಎರಡೂವರೆ ಎಕರೆಗೆ 450 ಕಿಲೋ ಆಯಿತು. ಯೂರಿಯಾ ಚೀಲ 2018ರವರೆಗೆ 50 ಕಿಲೋ ತೂಗುತ್ತಿತ್ತು, ಆ ವರ್ಷದಿಂದ 45 ಕಿಲೋ ತೂಗುವುದು. ಆದುದರಿಂದ ಸರಿಯಾದ ಉತ್ತರ ಹತ್ತು ಚೀಲ.

ಒಕ್ಕಣೆಯಲ್ಲಿ ಎರಡೇ ಎರಡು ಮಾತು ಬಿಟ್ಟುಹೋಗಿವೆಯೆನ್ನಿ. ಮೊದಲನೆಯ ಉಪಕರಣದಲ್ಲಿ ಚುಕ್ಕೆಯ ಅರ್ಥ ಹೇಳಿಲ್ಲ, ಮೂರನೆಯದರಲ್ಲಿ ಚೀಲದ ತೂಕ ಹೇಳಿಲ್ಲ. ಏಜೆಂಟು 2.20ನ್ನು ಎರಡು ದಶಾಂಶ ಎರಡೆಂದು ಓದಿ 396 ಕಿಲೋ ಎನ್ನುವುದು. ಹಳೆಯ ಬರಹಗಳಲ್ಲೆಲ್ಲ ಚೀಲವೆಂದರೆ 50 ಕಿಲೋ ಎಂದೇ ಇರುವುದರಿಂದ ಅದರಿಂದ ಭಾಗಿಸಿ ‘ಸುಮಾರು ಎಂಟು ಚೀಲ ಸಾಕು’ ಎಂದು ವಿನಯದಿಂದ ಉತ್ತರಿಸುವುದು. ರೈತನು ಎಂಟು ಚೀಲ ತರುವನು. ಅದರಲ್ಲಿ ನಿಜವಾಗಿ ಇರುವುದು 360 ಕಿಲೋ. ಬೇಕಾದುದರಲ್ಲಿ ಐದನೆಯ ಒಂದು ಪಾಲು ಕಡಮೆ ಬಿತ್ತು. ಎಲ್ಲಿಯೂ ಯಂತ್ರ ಕೆಡಲಿಲ್ಲ, ಎಲ್ಲಿಯೂ ಕೆಂಪು ದೀಪ ಹತ್ತಲಿಲ್ಲ. ಎರಡನೆಯ ಉಪಕರಣದಲ್ಲಿ ‘ಹೆಕ್ಟೇರಿಗೆ’ ಎಂಬ ಒಂದು ಶಬ್ದ ಬಿಟ್ಟುಹೋಗಿದ್ದರಂತೂ ಅನರ್ಥ ಎದುರು ದಿಕ್ಕಿನಲ್ಲಿ ಆಗುತ್ತಿತ್ತು: ಹೆಕ್ಟೇರಿನ ಪ್ರಮಾಣವನ್ನು ಎಕರೆಗೆ ಸುರಿದರೆ ಬೇಕಾದುದರ ಸುಮಾರು ಎರಡೂವರೆ ಪಟ್ಟು ಗೊಬ್ಬರ ಬೀಳುವುದು. ಅದರ ದಂಡವನ್ನು ತೆರುವವರು ಒಕ್ಕಣೆ ಬರೆದವರಲ್ಲ. ಅವರು ಬೆಂಗಳೂರಿನಲ್ಲಿಯೋ ಇನ್ನೂ ದೂರದಲ್ಲಿಯೋ ಇರುವರು. ದಂಡ ತೆರುವ ನೆಲ ಕಬ್ಬೂರಿನದು.

ಇದಕ್ಕೆ ಒಂದು ಆಕ್ಷೇಪವನ್ನು ನಾವು ಆಗಾಗ ಕೇಳುತ್ತಿದ್ದೇವೆ. ‘ಮಾದರಿಗಳು ವರ್ಷ ವರ್ಷಕ್ಕೂ ಜಾಣವಾಗುತ್ತಿವೆ, ಇಂದು ಎಡವಿದ್ದನ್ನು ನಾಳೆ ತಾವೇ ಊಹಿಸಿಕೊಳ್ಳುವುವು, ಒಕ್ಕಣೆಯ ಬಗ್ಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು?’ ಎನ್ನುವರು. ಈ ವಾದದಲ್ಲಿ ಅರ್ಧ ಸತ್ಯವಿದೆ. ತಲಾ 1.30 ಎಂದು ಬರೆದ ಎರಡು ತುಂಡು ನೆಲಗಳನ್ನು ಯಾರೋ ದಶಾಂಶವೆಂದು ಕೂಡಿಸಿ 2.60 ಎಂದು ಬರೆದಿದ್ದರೆ, ಜಾಣ ಮಾದರಿಯು ಅದನ್ನು ಹಿಡಿಯಬಲ್ಲುದು. ಏಕೆಂದರೆ ಅರುವತ್ತು ಗುಂಟೆ ಆ ಜಾಗದಲ್ಲಿ ಬರಲಾರದು, ಸರಿಯಾದ ಮೊತ್ತ 3.20, ಎಂದರೆ ಮೂರೂವರೆ ಎಕರೆ. ಅಸಾಧ್ಯವಾದುದನ್ನು ಬುದ್ಧಿ ಕಂಡುಹಿಡಿಯುವುದು. ಆದರೆ 2.20 ಎರಡು ರೀತಿಯಲ್ಲಿಯೂ ಸಾಧ್ಯ. 45 ಕಿಲೋ ಚೀಲವೂ ಸಾಧ್ಯ, 50 ಕಿಲೋ ಚೀಲವೂ ಸಾಧ್ಯ. ಎರಡೂ ಸಾಧ್ಯವಾಗಿರುವಲ್ಲಿ ಯಾವುದು ನಿಜವೆಂಬುದು ಬುದ್ಧಿಯಿಂದ ಹುಟ್ಟುವ ತಿಳಿವಲ್ಲ, ಹೇಳಿದರೆ ಮಾತ್ರ ಬರುವ ತಿಳಿವು. ಮಹಾ ಗಣಿತಜ್ಞನಾದರೂ ನಮ್ಮ ಮನೆಯ ಬೀಗದ ಕೈ ಯಾವ ಗೂಡಿನಲ್ಲಿದೆಯೆಂದು ಸೂತ್ರದಿಂದ ಸಾಧಿಸಲಾರನು. ಅಷ್ಟೇ ಅಲ್ಲ, ಜಾಣನು ತಪ್ಪಾಗಿ ಊಹಿಸಿದಾಗ ಆ ತಪ್ಪು ದಡ್ಡನ ತಪ್ಪಿಗಿಂತ ಹೆಚ್ಚು ನಂಬುವಂತೆ ಇರುವುದೆಂಬುದನ್ನೂ ಮರೆಯಲಾಗದು.

ಹೆಸರುಗಳ ವಿಷಯಕ್ಕೆ ಬರೋಣ. ಕಬ್ಬೂರು ಎಂಬ ಹೆಸರಿನ ಊರು ಒಂದೇ ಅಲ್ಲ. ಹಾವೇರಿ ತಾಲ್ಲೂಕಿನಲ್ಲಿಯೂ ಒಂದು ಕಬ್ಬೂರಿದೆ. ‘ಊರಿನ ಹೆಸರು ಕೊಟ್ಟರೆ ಹವಾಮಾನ ತಿಳಿಸುತ್ತದೆ’ ಎಂದಷ್ಟೇ ಬರೆದ ಉಪಕರಣಕ್ಕೆ ‘ಕಬ್ಬೂರ’ ಎಂದು ಕೊಟ್ಟರೆ ಅದು ಯಾವ ಕಬ್ಬೂರಿನ ಮಳೆಯನ್ನು ತರುವುದೋ ದೇವರೇ ಬಲ್ಲ. ಇದಕ್ಕೆ ಸರಿಯಾದ ಹೋಲಿಕೆಯೊಂದು ದೂರದ ದೇಶದಲ್ಲಿ ದೊರೆಯುವುದು. ಗಣಕವಿಧಿಗಳನ್ನು ತಿದ್ದುವ ಏಜೆಂಟೊಂದನ್ನು ಕಟ್ಟುತ್ತಿದ್ದ ಆಂತ್ರೋಪಿಕ್ ಸಂಸ್ಥೆಯವರು 2024ರ ಡಿಸೆಂಬರಿನಲ್ಲಿ ತಮ್ಮ ಅನುಭವವನ್ನು ಬರೆದರು. ಏಜೆಂಟು ಒಂದು ಕಡತಕೋಶದಿಂದ ಇನ್ನೊಂದಕ್ಕೆ ಹೋದ ಮೇಲೆ ಕಡತಗಳ ಚಿಕ್ಕ ವಿಳಾಸವನ್ನು ಬಳಸಿ ತಪ್ಪು ಮಾಡುತ್ತಿತ್ತಂತೆ. ಯಾವಾಗಲೂ ಬುಡದಿಂದ ತುದಿಯವರೆಗೆ ಪೂರ್ಣ ವಿಳಾಸವನ್ನೇ ಕೊಡಬೇಕೆಂದು ಉಪಕರಣವನ್ನು ಬದಲಿಸಿದಾಗ ಆ ತಪ್ಪು ನಿಂತುಹೋಯಿತು. ಮಾದರಿಗೆ ಕೊಡುವ ಒಟ್ಟು ಸೂಚನೆಗಿಂತ ಉಪಕರಣಗಳನ್ನು ತಿದ್ದುವುದಕ್ಕೇ ತಮಗೆ ಹೆಚ್ಚು ಹೊತ್ತು ಹಿಡಿಯಿತೆಂದೂ ಅವರು ಹೇಳಿದ್ದಾರೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ನಮ್ಮ ಕಂದಾಯ ಇಲಾಖೆ ಬಹುಕಾಲದಿಂದ ಬರೆದುಕೊಂಡು ಬಂದಿರುವ ವಿಳಾಸವೂ ಇದೇ ಜಾತಿಯದು. ಈ ಒಂದು ವಿಷಯದಲ್ಲಿ ಹಳೆಯ ಗುಮಾಸ್ತರು ಹೊಸ ತಂತ್ರಜ್ಞರಿಗೆ ಗುರುಗಳಾಗಬಲ್ಲರು.

ಹಾಗೆಂದು ಕಂದಾಯದ ಒಕ್ಕಣೆಯೆಲ್ಲ ತಿಳಿಯಾಗಿದೆಯೆಂದು ಅರ್ಥವಲ್ಲ. 2000ನೆಯ ಇಸವಿಯ ಆಸುಪಾಸಿನಲ್ಲಿ ಆರಂಭವಾದ ‘ಭೂಮಿ’ ಯೋಜನೆಯಿಂದ ಕರ್ನಾಟಕದ ಪಹಣಿಗಳು ಗಣಕಕ್ಕೆ ಏರಿದುದು ದೊಡ್ಡ ಕಾರ್ಯ. ಆದರೆ ಆ ಜಾಲತಾಣದಲ್ಲಿ ಪಹಣಿಯನ್ನು ಹುಡುಕಹೊರಟವರಿಗೆ ಸರ್ವೆ ನಂಬರಿಗೂ ಹಿಸ್ಸಾ ನಂಬರಿಗೂ ನಡುವೆ ‘ಸರ್ನೋಕ್’ ಎಂಬ ಖಾನೆಯೊಂದು ಎದುರಾಗುವುದು. ಅದರಲ್ಲಿ ಬಹಳ ಕಡೆ ಒಂದು ನಕ್ಷತ್ರದ ಗುರುತು ಬಿಟ್ಟರೆ ಬೇರೇನೂ ಇರದು. ಇದೇನೆಂದು ಹತ್ತು ಜನರನ್ನು ಕೇಳಿ ನೋಡಿ. ‘ನಕ್ಷತ್ರವನ್ನು ಒತ್ತಿ ಮುಂದಕ್ಕೆ ಹೋಗಿ’ ಎಂಬ ಉತ್ತರ ಬರುವುದೇ ಹೆಚ್ಚು. ಮನುಷ್ಯನು ಹೀಗೆ ರೂಢಿಯಿಂದ ದಾಟಿಹೋಗುವನು. ಏಜೆಂಟಿಗೆ ಆ ರೂಢಿಯಿಲ್ಲ. ‘ಈ ಖಾನೆಗೆ ನಕ್ಷತ್ರವಲ್ಲದೆ ಬೇರೆ ಆಯ್ಕೆ ಇದ್ದರೆ ಎಲ್ಲವನ್ನೂ ಬಳಕೆದಾರನಿಗೆ ತೋರಿಸಿ ಕೇಳು’ ಎಂಬ ಒಂದು ಸಾಲನ್ನು ಯಾರಾದರೂ ಬರೆದಿಟ್ಟರೆ ಅದು ಪಾರಾಗುವುದು.

ಇನ್ನು ಕಬ್ಬಿನ ದರ. ಇದಕ್ಕಿಂತ ಒಳ್ಳೆಯ ಪಾಠ ನಮಗೆ ಬೇರೆ ಸಿಕ್ಕಿಲ್ಲವಾದುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಕೇಂದ್ರ ಸರ್ಕಾರವು ಪ್ರತಿ ಹಂಗಾಮಿಗೂ ಕಬ್ಬಿಗೆ ನ್ಯಾಯಯುತ ಮತ್ತು ಲಾಭದಾಯಕ ದರವನ್ನು ಗೊತ್ತುಮಾಡುವುದು. ಇದನ್ನು ಎಫ್‌ಆರ್‌ಪಿ ಎನ್ನುವರು. 2025-26ರ ಹಂಗಾಮಿಗೆ ಇದು ಕ್ವಿಂಟಲಿಗೆ 355 ರೂಪಾಯಿ; ಅದೂ ಕಬ್ಬಿನಿಂದ ನೂರಕ್ಕೆ 10.25ರಷ್ಟು ಸಕ್ಕರೆಯ ಇಳುವರಿ ಬಂದರೆ. ಇಳುವರಿ ಏರಿದರೆ ದರವೂ ಏರುವುದು. ಟನ್ನಿನ ಲೆಕ್ಕದಲ್ಲಿ ಇದು 3,550 ರೂಪಾಯಿ. ಅದೇ 2025ರ ನವೆಂಬರಿನಲ್ಲಿ, ಕಬ್ಬೂರಿರುವ ಬೆಳಗಾವಿ ಜಿಲ್ಲೆಯಲ್ಲಿಯೇ, ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ದೊಡ್ಡ ಹೋರಾಟ ಹೂಡಿದರು. ಅವರು ಕೇಳಿದ್ದು ಟನ್ನಿಗೆ 3,500 ರೂಪಾಯಿ.

ಇದೇನು ವಿಚಿತ್ರ? ಕಾನೂನು ಆಗಲೇ 3,550 ಕೊಟ್ಟಿರುವಾಗ ಅದಕ್ಕಿಂತ ಐವತ್ತು ರೂಪಾಯಿ ಕಡಮೆಗಾಗಿ ರಸ್ತೆಯಲ್ಲಿ ಕೂರುವರೆ? ಎರಡು ಉಪಕರಣಗಳಿಂದ ಈ ಎರಡು ಅಂಕಿಗಳನ್ನು ಪಡೆದ ಏಜೆಂಟು ಇದೇ ತೀರ್ಮಾನಕ್ಕೆ ಬಂದರೆ ಅದನ್ನು ದೂರುವಂತಿಲ್ಲ. ಸಂಗತಿಯೇನೆಂದರೆ, ಎಫ್‌ಆರ್‌ಪಿಯ ದರವು ಕಾರ್ಖಾನೆಯ ಬಾಗಿಲಲ್ಲಿ ಕಬ್ಬಿಗೆ ಸಲ್ಲುವ ದರ. ಕಟಾವು ಮತ್ತು ಸಾಗಾಣಿಕೆಯ ವೆಚ್ಚವನ್ನು ಅದರಿಂದಲೇ ಮುರಿದುಕೊಳ್ಳುವರು. ರೈತರು ಕೇಳಿದ್ದು ಆ ವೆಚ್ಚ ಹೊರತಾಗಿ ಕೈಗೆ ಬರುವ ಹಣ. ಎರಡಕ್ಕೂ ‘ಕಬ್ಬಿನ ದರ’ ಎಂದೇ ಹೆಸರು. ಕ್ವಿಂಟಲೋ ಟನ್ನೋ, ಯಾವ ಹಂಗಾಮು, ಯಾವ ಇಳುವರಿಯ ಮೇಲೆ, ಕಟಾವು ಮತ್ತು ಸಾಗಾಣಿಕೆ ಸೇರಿಯೋ ಬಿಟ್ಟೋ, ಇವಿಷ್ಟನ್ನೂ ಹೇಳದೆ ‘ಕಬ್ಬಿನ ಇಂದಿನ ದರ ಕೊಡುತ್ತದೆ’ ಎಂದು ಬರೆದವನು ಉಪಕರಣಕ್ಕೆ ವಿವರಣೆ ಬರೆಯಲಿಲ್ಲ, ಜಗಳಕ್ಕೆ ಆಹ್ವಾನ ಬರೆದನು. ಚಳವಳಿಯ ದಿನಗಳಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿಯು ಇಂಥ ಏಜೆಂಟನ್ನು ಕೇಳಿ, ರೈತರಿಗೆ ಲೆಕ್ಕವೇ ಬಾರದೆಂದು ನಂಬಿಬಿಟ್ಟರೆ ಆ ಅಪಚಾರವನ್ನು ಯಾವ ಚೀಲದಿಂದ ಅಳೆಯೋಣ?

ಹಾಗಾದರೆ ಒಳ್ಳೆಯ ಒಕ್ಕಣೆ ಹೇಗಿರಬೇಕು? ಇದಕ್ಕೆ ಸಮುದ್ರ ದಾಟಿ ಹೋಗಬೇಕಾದ ಅಗತ್ಯವಿಲ್ಲ. ಚಿಕ್ಕೋಡಿಯ ನೆರೆಯ ತಾಲ್ಲೂಕಾದ ರಾಯಬಾಗದವರೆಗೆ ಹೋದರೆ ಸಾಕು. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ಗಣಿತಗ್ರಂಥಗಳನ್ನು ರಚಿಸಿದ ರಾಜಾದಿತ್ಯನ ಊರು ಪೂವಿನಬಾಗೆ. ಇದೇ ಇಂದಿನ ರಾಯಬಾಗವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅವನ ‘ವ್ಯವಹಾರಗಣಿತ’ ಪ್ರಸಿದ್ಧವಾದುದು. ನಮ್ಮ ಗಮನವನ್ನು ಸೆಳೆಯುವುದು ಅವನ ಇನ್ನೊಂದು ಗ್ರಂಥದ ಹೆಸರು: ‘ಜೈನಗಣಿತಸೂತ್ರಟೀಕೋದಾಹರಣ’. ಸೂತ್ರ, ಟೀಕೆ, ಉದಾಹರಣ. ಸೂತ್ರವು ಚಿಕ್ಕದು, ನೆನಪಿನಲ್ಲಿ ಉಳಿಯುವಂಥದು. ಆದರೆ ಗುರುವಿಲ್ಲದ ಓದುಗನಿಗೆ ಅದೊಂದೇ ಸಾಲದು. ಟೀಕೆಯು ಶಬ್ದಗಳ ಅರ್ಥವನ್ನು ಬಿಡಿಸುವುದು. ಉದಾಹರಣವು ಅಂಕಿಗಳನ್ನು ಇಟ್ಟು ತೋರಿಸಿ ಉಳಿದ ಸಂದೇಹವನ್ನು ಕಳೆಯುವುದು. ಇಂದಿನ ಅನೇಕ ತಂತ್ರಜ್ಞರು ಸೂತ್ರವನ್ನು ಬರೆದು ಕೈತೊಳೆದುಕೊಳ್ಳುವರು. ಅವರ ಉಪಕರಣಕ್ಕೆ ಒಂದು ಹೆಸರು, ‘ಜಮೀನಿನ ವಿವರ ಕೊಡುತ್ತದೆ’ ಎಂಬ ಒಂದು ವಾಕ್ಯ, ಅಲ್ಲಿಗೆ ಮುಗಿಯಿತು. ಇದನ್ನೇ ನಾವು ಹೀಗೆ ಬರೆಯಬಯಸುತ್ತೇವೆ:

‘ಕರ್ನಾಟಕದ ಒಂದು ಜಮೀನಿನ ಪಹಣಿಯನ್ನು ಓದಿ ವಿಸ್ತೀರ್ಣವನ್ನು ತಿಳಿಸುತ್ತದೆ. ಪಹಣಿಯನ್ನು ಬೆಳಗಾವಿಯ ಕಡೆ ಉತಾರ ಎನ್ನುತ್ತಾರೆ. ಮರಾಠಿ ಮಾತನಾಡುವವರು ಸಾತ್‌ಬಾರಾ ಎನ್ನಬಹುದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಲ್ಲವೂ ಬೇಕು. ಊರಿನ ಹೆಸರೊಂದೇ ಸಾಲದು. ವಿಸ್ತೀರ್ಣವು ಎಕರೆ, ಚುಕ್ಕೆ, ಗುಂಟೆ ಎಂಬ ಕ್ರಮದಲ್ಲಿ ಬರುತ್ತದೆ. ಚುಕ್ಕೆ ದಶಾಂಶವಲ್ಲ. 40 ಗುಂಟೆಗೆ ಒಂದು ಎಕರೆ. ಉದಾಹರಣೆ: 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಕೊಡುವುದು ಖರಾಬು ಕಳೆದು ಉಳಿದ ವಿಸ್ತೀರ್ಣ, ಒಟ್ಟು ವಿಸ್ತೀರ್ಣವಲ್ಲ. ಓದುತ್ತದೆ ಮಾತ್ರ, ದಾಖಲೆಯಲ್ಲಿ ಏನನ್ನೂ ಬದಲಿಸುವುದಿಲ್ಲ. ಬೆಳೆಯ ವಿಚಾರಕ್ಕೆ ಇದನ್ನು ಬಳಸಬೇಡ, ಅದಕ್ಕೆ ಬೇರೆ ಉಪಕರಣವಿದೆ.’

ಉತಾರ, ಸಾತ್‌ಬಾರಾ ಎಂಬ ಶಬ್ದಗಳನ್ನು ಅಲಂಕಾರಕ್ಕಾಗಿ ಸೇರಿಸಿಲ್ಲ. ಏಜೆಂಟು ಉಪಕರಣವನ್ನು ಆರಿಸಿಕೊಳ್ಳುವುದು ಬಳಕೆದಾರನ ಮಾತಿಗೂ ಒಕ್ಕಣೆಯ ಮಾತಿಗೂ ಇರುವ ಹೊಂದಿಕೆಯನ್ನು ನೋಡಿ. ಪಹಣಿ ಎಂದು ಮಾತ್ರ ಬರೆದು, ಕಬ್ಬೂರಿನವರು ‘ನಮ್ಮ ಉತಾರ ತೆಗೆದುಕೊಡು’ ಎಂದಾಗ ಅದು ತಿಳಿಯಲೆಂದು ಅದೃಷ್ಟವನ್ನು ನಂಬಿ ಕೂರುವುದಕ್ಕಿಂತ ಒಂದು ಶಬ್ದ ಹೆಚ್ಚು ಬರೆಯುವುದು ಅಗ್ಗ. ‘ಬಳಸಬೇಡ’ ಎಂಬ ಕಡೆಯ ಮಾತಂತೂ ನಮ್ಮ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು, ಅತ್ಯಂತ ಹೆಚ್ಚಾಗಿ ಮರೆತುಹೋಗುವಂಥದು. ಔಷಧದ ಸೀಸೆಯ ಮೇಲೆ ಯಾವ ರೋಗಕ್ಕೆಂಬುದಷ್ಟೇ ಅಲ್ಲದೆ ಯಾರು ಕುಡಿಯಬಾರದೆಂಬುದನ್ನೂ ಬರೆಯುವರಲ್ಲವೆ?

ಬರೆಯಬೇಕೆಂದಾಕ್ಷಣ ಪುರಾಣವನ್ನು ಬರೆಯಬೇಕೆಂದಲ್ಲ. ಸಾಮಾನ್ಯವಾಗಿ ಎಲ್ಲ ಉಪಕರಣಗಳ ಒಕ್ಕಣೆಯೂ ಒಂದೇ ಸಲಕ್ಕೆ ಮಾದರಿಯ ಮುಂದೆ ಬರುವುದರಿಂದ, ಒಂದರ ಬಡಾಯಿ ಇನ್ನೊಂದರ ಜಾಗವನ್ನು ತಿನ್ನುವುದು. ‘ಅತ್ಯಾಧುನಿಕ’, ‘ಸಮಗ್ರ’ ಎಂಬ ಜಾಹೀರಾತಿನ ವಿಶೇಷಣಗಳಿಂದ ಏಜೆಂಟಿಗೆ ಎಳ್ಳಷ್ಟೂ ಉಪಕಾರವಿಲ್ಲ. ‘ಜಮೀನು ಹುಡುಕು’, ‘ಜಮೀನು ನೋಡು’, ‘ಜಮೀನು ವಿವರ’ ಎಂದು ಹೆಚ್ಚುಕಡಮೆ ಒಂದೇ ಕೆಲಸದ ಮೂರು ಉಪಕರಣಗಳಿದ್ದರೆ ಮೂರಕ್ಕೂ ಉದ್ದುದ್ದ ಟೀಕೆ ಬರೆಯುವ ಬದಲು ಎರಡನ್ನು ತೆಗೆದುಹಾಕುವುದು ಲೇಸು. ಕೆಲವು ಸಲ ಒಕ್ಕಣೆಯನ್ನು ತಿದ್ದುವುದಕ್ಕಿಂತ ಉಪಕರಣವನ್ನೇ ತಿದ್ದುವುದು ಒಳ್ಳೆಯದು: ಚುಕ್ಕೆಯ ಅರ್ಥವನ್ನು ಮೂರು ವಾಕ್ಯಗಳಲ್ಲಿ ಹೇಳುವ ಬದಲು ಎಕರೆಯನ್ನೂ ಗುಂಟೆಯನ್ನೂ ಎರಡು ಬೇರೆ ಖಾನೆಗಳಲ್ಲಿ ಕೊಟ್ಟರೆ ಚುಕ್ಕೆಯ ಕಾಟವೇ ತೀರಿತು. ತಪ್ಪು ಮಾಹಿತಿ ಬಂದಾಗ ಉಪಕರಣ ಮರಳಿಸುವ ಮಾತೂ ಒಕ್ಕಣೆಯ ಒಂದು ಭಾಗವೇ. ‘ದೋಷ ಸಂಖ್ಯೆ 400’ ಎಂದರೆ ಏಜೆಂಟು ಅದೇ ಕೋರಿಕೆಯನ್ನು ಮತ್ತೆ ಮತ್ತೆ ಕಳುಹಿಸುತ್ತ ಕುಳಿತೀತು, ‘ಕಬ್ಬೂರ ಎಂಬ ಊರು ಒಂದಕ್ಕಿಂತ ಹೆಚ್ಚಿದೆ, ತಾಲ್ಲೂಕನ್ನು ತಿಳಿಸು’ ಎಂದರೆ ಹಾದಿ ಸಿಕ್ಕುವುದು.

ಓದುವ ಉಪಕರಣ ಬೇರೆ, ಬದಲಿಸುವ ಉಪಕರಣ ಬೇರೆ. ಉತಾರವನ್ನು ನೋಡಿದರೆ ಹೊಲಕ್ಕೆ ಏನೂ ಆಗದು. ಅರ್ಜಿಯನ್ನು ಸಲ್ಲಿಸಿದರೆ, ಹಣವನ್ನು ಕಳುಹಿಸಿದರೆ, ಹೆಸರನ್ನು ಅಳಿಸಿದರೆ ಆಗುವುದು. ಎರಡನೆಯ ಜಾತಿಯ ಉಪಕರಣದ ಒಕ್ಕಣೆಯಲ್ಲಿ ‘ಇದನ್ನು ಹಿಂದಕ್ಕೆ ಪಡೆಯಲಾಗದು, ನಡೆಸುವ ಮುನ್ನ ವಿವರಗಳನ್ನು ಬಳಕೆದಾರನಿಗೆ ಓದಿಹೇಳಿ ಒಪ್ಪಿಗೆ ಪಡೆ’ ಎಂಬ ಮಾತು ಮೊದಲ ಸಾಲಿನಲ್ಲಿಯೇ ಇರತಕ್ಕದ್ದು. ಆ ಮಾತನ್ನು ಮಾದರಿಯ ಸದ್ಬುದ್ಧಿಗೆ ಬಿಡದೆ, ಒಪ್ಪಿಗೆಯಿಲ್ಲದೆ ಉಪಕರಣ ಅಲುಗಾಡದಂತೆ ಗಣಕವಿಧಿಯಲ್ಲಿಯೇ ಬೀಗ ಹಾಕುವುದು ಇನ್ನೂ ಕ್ಷೇಮ.

ಒಕ್ಕಣೆ ಎಷ್ಟೇ ಸ್ಫುಟವಾಗಿದ್ದರೂ ಸುಳ್ಳಾಗಿದ್ದರೆ ಏನು ಫಲ? 1999ರ ಸೆಪ್ಟೆಂಬರ್ 23ರಂದು ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳಗ್ರಹವನ್ನು ಸೇರುವ ಹೊತ್ತಿನಲ್ಲಿ ನಾಶವಾಯಿತು. ನೆಲದ ಮೇಲಿನ ಒಂದು ಗಣಕವಿಧಿಯು ಆವೇಗವನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಡುತ್ತಿತ್ತು. ಪಡೆಯುವ ವಿಧಿಯು ಅದನ್ನು ನ್ಯೂಟನ್-ಸೆಕೆಂಡುಗಳೆಂದು ಓದುತ್ತಿತ್ತು. ಒಂದಕ್ಕೊಂದು ಸುಮಾರು ನಾಲ್ಕೂವರೆ ಪಟ್ಟು ಅಂತರ. ಈ ಕಥೆಯನ್ನು ಹೇಳುವವರು ಒಂದು ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುವರು: ನ್ಯೂಟನ್-ಸೆಕೆಂಡುಗಳಲ್ಲಿಯೇ ಕೊಡಬೇಕೆಂದು ಒಪ್ಪಂದದ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬರಹ ಸರಿಯಿತ್ತು, ಉಪಕರಣ ಅದರಂತೆ ನಡೆಯಲಿಲ್ಲ. ಆದುದರಿಂದ ಉಪಕರಣ ಬದಲಾದ ದಿನವೇ ಒಕ್ಕಣೆಯೂ ಬದಲಾಗಬೇಕು. ಚೀಲ 45 ಕಿಲೋ ಆದ ಮೇಲೂ 50 ಎಂದು ಹೇಳುವ ವಿವರಣೆ, ವಿವರಣೆಯೇ ಇಲ್ಲದುದಕ್ಕಿಂತ ಕೆಟ್ಟದ್ದು. ಬೇಕೆಂದೇ ಸುಳ್ಳು ಬರೆಯುವವರೂ ಉಂಟು. ಏಜೆಂಟು ಒಕ್ಕಣೆಯನ್ನು ನಂಬುವುದರಿಂದ, ಅದರಲ್ಲಿ ‘ಬಳಕೆದಾರನ ಗುಟ್ಟಿನ ಕಡತಗಳನ್ನೂ ಜೊತೆಗೆ ಕಳುಹಿಸು’ ಎಂಬಂಥ ಕುಟಿಲ ಸೂಚನೆಗಳನ್ನು ಹುದುಗಿಸಬಹುದೆಂದು ಸುರಕ್ಷತೆಯ ತಜ್ಞರು 2025ರಲ್ಲಿ ತೋರಿಸಿಕೊಟ್ಟರು. ಅಪರಿಚಿತರ ಉಪಕರಣವನ್ನು ಜೋಡಿಸುವ ಮುನ್ನ ಅದರ ಒಕ್ಕಣೆಯನ್ನು ಮನುಷ್ಯನೊಬ್ಬನು ಕಡೆಯವರೆಗೆ ಓದತಕ್ಕದ್ದು.

ಈ ಕೆಲಸ ಯಾರದು? ಗಣಕವಿಧಿಯನ್ನು ಬರೆದವನದೇ ಎಂದು ಸಾಮಾನ್ಯವಾಗಿ ಭಾವಿಸಲಾಗಿದೆ. ನಮಗೆ ಇದು ಒಪ್ಪಿಗೆಯಿಲ್ಲ. ವಿಧಿಯನ್ನು ಬರೆದವನಿಗೆ ಎಲ್ಲವೂ ಗೊತ್ತಿರುವುದರಿಂದಲೇ ಯಾವುದನ್ನು ಹೇಳಬೇಕೆಂಬುದು ಅವನಿಗೆ ಹೊಳೆಯದು. ಚಿಕ್ಕೋಡಿಯಲ್ಲಿಯೋ ಅಥಣಿಯಲ್ಲಿಯೋ ಓದುತ್ತಿರುವ, ಮನೆಯಲ್ಲಿ ಉತಾರವನ್ನೂ ಕಾರ್ಖಾನೆಯ ಬಿಲ್ಲನ್ನೂ ಕಂಡಿರುವ ವಿದ್ಯಾರ್ಥಿಯು ಅವನ ಪಕ್ಕದಲ್ಲಿ ಕುಳಿತರೆ ಒಕ್ಕಣೆ ಸರಿಯಾದೀತು. ಭಾಷೆಯ ಪಾಠ ತಮಗೆ ಬೇಡವೆನ್ನುವ ವಿಜ್ಞಾನದ ವಿದ್ಯಾರ್ಥಿಗಳನ್ನು ನಾವು ಬಹಳ ಕಂಡಿದ್ದೇವೆ. ಹೊಸ ಯಂತ್ರಗಳು ಆ ಮಾತನ್ನು ಹಳೆಯದು ಮಾಡಿವೆ. ಬರೆದುದನ್ನು ಪರೀಕ್ಷಿಸುವ ವಿಧಾನವೂ ಸುಲಭ. ಒಕ್ಕಣೆಯನ್ನು ಮಾತ್ರ ಒಬ್ಬ ಗೆಳೆಯನಿಗೆ ಕೊಟ್ಟು, ಹಳ್ಳಿಯವರು ನಿಜವಾಗಿ ಕೇಳುವ ಇಪ್ಪತ್ತು ಪ್ರಶ್ನೆಗಳನ್ನು ಮುಂದಿಟ್ಟು, ಯಾವ ಉಪಕರಣವನ್ನು ಯಾವ ಮಾಹಿತಿಯೊಡನೆ ಬಳಸುವೆಯೆಂದು ಬರೆಯಹೇಳಿ. ಅವನು ‘ಇದು ಏನು?’ ಎಂದು ಬಾಯಿಬಿಟ್ಟ ಜಾಗವೇ ಒಕ್ಕಣೆಯ ತೂತು. ಅನಂತರ ಅದೇ ಪ್ರಶ್ನೆಗಳನ್ನು ಏಜೆಂಟಿಗೆ ಕೊಟ್ಟು, ಸಾಲೊಂದನ್ನು ತಿದ್ದಿ, ಮತ್ತೆ ಕೊಟ್ಟು ಎಣಿಸಿ ನೋಡಬೇಕು.

ಆ ಇಪ್ಪತ್ತು ಪ್ರಶ್ನೆಗಳಲ್ಲಿ ಒಂದನ್ನು ನಾವೇ ಸೂಚಿಸುತ್ತೇವೆ. ಉತ್ತರ ಕರ್ನಾಟಕದ ಹಿರಿಯರು ‘ನಮ್ಮದು ಎರಡು ಕೂರಿಗೆ ಹೊಲ’ ಎನ್ನುವುದುಂಟು. ಕೂರಿಗೆಯೆಂದರೆ ಬೀಜ ಬಿತ್ತುವ ಸಾಧನ. ಅದರಿಂದ ಒಂದು ದಿನದಲ್ಲಿ ಬಿತ್ತಬಹುದಾದಷ್ಟು ನೆಲಕ್ಕೂ ಅದೇ ಹೆಸರು. ನೆಲ, ಎತ್ತು, ರೂಢಿಗಳಿಗೆ ತಕ್ಕಂತೆ ಅಳತೆ ಊರಿಂದೂರಿಗೆ ಬದಲಾಗುವುದು. ಗೊಬ್ಬರದ ಉಪಕರಣದ ಒಕ್ಕಣೆಯಲ್ಲಿ ಇದಕ್ಕಾಗಿ ನಾವು ಸೇರಿಸುವ ಸಾಲು ಹೀಗಿರುವುದು: ‘ಬಳಕೆದಾರರು ಕೂರಿಗೆಯಲ್ಲಿ ಅಳತೆ ಹೇಳಿದರೆ ಅದನ್ನು ಎಕರೆಗೆ ತಿರುಗಿಸಬೇಡ. ಎಷ್ಟು ಎಕರೆ, ಎಷ್ಟು ಗುಂಟೆ ಎಂದು ಅವರನ್ನೇ ಕೇಳು. ಗೊತ್ತಿಲ್ಲವೆಂದರೆ ಸರ್ವೆ ನಂಬರನ್ನು ಪಡೆದು ಉತಾರದ ಉಪಕರಣವನ್ನು ಬಳಸು.’